ಲೀಟರಿಗೆ ಐದು ರೂಪಾಯಿ

ಹೈಸ್ಕೂಲು ಮಕ್ಕಳಿಗೆ ಒಂದು ಸುಲಭದ ಲೆಕ್ಕ ಕೊಡುತ್ತೇನೆ. ಜೆರ್ಸಿ ಹಸು ದಿನಕ್ಕೆ ಎಂಟು ಲೀಟರ್ ಹಾಲು ಕೊಡುತ್ತದೆ, ಅಷ್ಟೂ ಡೈರಿಗೆ ಹೋಗುತ್ತದೆ. ಮಲೆನಾಡು ಗಿಡ್ಡ ಒಂದೂವರೆ ಲೀಟರ್ ಕೊಡುತ್ತದೆ, ಮನೆ ಖರ್ಚು ಕಳೆದು ಡೈರಿಗೆ ಅರ್ಧ ಲೀಟರ್. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಮೂವತ್ತು ದಿನಕ್ಕೆ ಯಾವ ಹಸುವಿಗೆ ಎಷ್ಟು? ಜೆರ್ಸಿಗೆ 1,200, ಗಿಡ್ಡಕ್ಕೆ 75.

ಈ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಯಿತು. 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಸಹಕಾರ ಸಂಘದ ಡೈರಿಗೆ ಹಾಲು ಹಾಕಿದವರಿಗಷ್ಟೇ ಇದು ಸಿಗುತ್ತದೆ. ಹಾಲಿನ ದರಕ್ಕೆ ಸೇರದೆ, ಬೇರೆಯಾಗಿ, ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಬರುತ್ತದೆ ನಿಜ, ಯಾವಾಗ ಎಂದು ಮಾತ್ರ ಕೇಳಬಾರದು. ಹಾಲಿನ ಬಟವಾಡೆ ಹೇಗೋ ಹೊತ್ತಿಗೆ ಸರಿಯಾಗಿ ಆಗುತ್ತದೆ. ಪ್ರೋತ್ಸಾಹಧನ ತಿಂಗಳುಗಟ್ಟಲೆ ನಿಂತು, ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬಂದು ಬೀಳುವುದುಂಟು.

ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅತ್ತಿಗೆ ಈ ಹಣವನ್ನು ಮಗಳ ಓದಿಗೆಂದು ಎತ್ತಿಟ್ಟಿದ್ದಾರೆ. ಮಗಳು ಸಾಗರದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಬಟವಾಡೆಯ ದುಡ್ಡು ಹಿಂಡಿ, ಬೂಸಾದ ಅಂಗಡಿಗೇ ಹೋಗುತ್ತದೆ. ಕೈಯಲ್ಲಿ ಉಳಿಯುವುದು ಈ ಐದು ರೂಪಾಯಿಯೇ. ಹೋದ ಜೂನ್‌ನಲ್ಲಿ ಹಣ ಬಾರದೆ, ಕಿವಿಯೋಲೆ ಸೊಸೈಟಿಯಲ್ಲಿಟ್ಟು ಫೀಸು ಕಟ್ಟಿದರು. "ದನ ಹಾಲು ಕೊಡೋದನ್ನ ಮುಂದಿನ ತಿಂಗಳಿಗೆ ಹಾಕ್ತದೇನೋ? ನೀನೇ ಹೇಳು" ಎಂದು ನನ್ನನ್ನು ಕೇಳಿದರು. ನಾನೇನು ಹೇಳಲಿ!

ಲೀಟರ್ ಲೆಕ್ಕವನ್ನು ನಾನು ಹಳಿಯುವುದಿಲ್ಲ. ಅಳೆಯುವುದು ಸುಲಭ, ಮೋಸಕ್ಕೆ ಎಡೆ ಕಡಿಮೆ. ಗುಂಟೆ ಜಮೀನಿಲ್ಲದವರಿಗೂ ಹಸುವೊಂದಿದ್ದರೆ ದುಡ್ಡು ಸಿಗುತ್ತದೆ. ಹೀಗೆ ಕೂಡಿಬಂದ ಹಾಲೇ 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯವಾಗಿ ಶಾಲೆಯ ಮಕ್ಕಳ ಲೋಟಕ್ಕೂ ಬಂತು. ಆದರೆ ಲೀಟರಿಗೆ ಹಣ ಕೊಟ್ಟರೆ ಹೆಚ್ಚುವುದು ಲೀಟರೇ. ಯುರೋಪಿನಲ್ಲಿ ಹಾಲಿಗೆ ಬೆಂಬಲ ಬೆಲೆ ಕೊಟ್ಟೂ ಕೊಟ್ಟೂ ಗೋದಾಮುಗಳಲ್ಲಿ ಬೆಣ್ಣೆಯ ಬೆಟ್ಟವೇ ಬೆಳೆದು, 1984ರಲ್ಲಿ ಇಂತಿಷ್ಟೇ ಹಾಲು ಎಂದು ಮಿತಿ ಹಾಕಬೇಕಾಯಿತು. ಆ ಮಿತಿ ತೆಗೆದದ್ದು 2015ರಲ್ಲಿ.

ಬೆಣ್ಣೆಯ ಬೆಟ್ಟದ ಚಿಂತೆ ನಮಗಿಲ್ಲ. ನಮ್ಮದು ಸೊಪ್ಪಿನ ಬೆಟ್ಟದ ಚಿಂತೆ. ಶಿವಮೊಗ್ಗ ಹಾಲು ಒಕ್ಕೂಟಕ್ಕೆ ದಾವಣಗೆರೆ, ಚಿತ್ರದುರ್ಗದ ಬಯಲಿನಿಂದಲೂ ಹಾಲು ಬರುತ್ತದೆ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಿನಿಂದಲೂ ಬರುತ್ತದೆ. ಅಲ್ಲಿ ದನ ಸಾಕುವುದು ಹಾಲಿಗೆ. ಇಲ್ಲಿ ಹಿಂದಿನಿಂದಲೂ ಸಾಕಿದ್ದು ಗೊಬ್ಬರಕ್ಕೆ. ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲದಲ್ಲಿ ತುಳಿಸಿ, ಕೊಳೆಸಿ ತೋಟಕ್ಕೆ ಹಾಕಿದರೆ ಅಡಿಕೆ. ಗಿಡ್ಡ ತಾನೇ ಕಾಡಿಗೆ ಹೋಗಿ ಮೇಯ್ದು ಬರುತ್ತದೆ, ಇಳಿಜಾರಿನಲ್ಲಿ ಜಾರುವುದಿಲ್ಲ, ಮಳೆಗೆ ಹೆದರುವುದಿಲ್ಲ. ಜೆರ್ಸಿಗೆ ಕೆಚ್ಚಲು ಬಾವು ಬಂದರೆ ಡಾಕ್ಟರನ್ನು ಕರೆತರಲು ಅರ್ಧ ದಿನ ಬೇಕು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಸಗಣಿಗೆ ಕಾಲಂ ಇಲ್ಲ.

ಡೈರಿಯೇ ದೂರವಾದರೆ 75 ರೂಪಾಯಿಯೂ ಇಲ್ಲ. ನಮ್ಮಲ್ಲಿ ಊರೆಂದರೆ ಒತ್ತಾಗಿ ಕೂಡಿದ ಮನೆಗಳಲ್ಲ, ಗುಡ್ಡಕ್ಕೊಂದು ಮನೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆ ಕಡೆ ನನ್ನ ಚಿಕ್ಕಮ್ಮನ ಮನೆ. ಹಾಲಿನ ವಾಹನ ಬರುವ ರಸ್ತೆಗೆ ಅಲ್ಲಿಂದ ನಾಲ್ಕು ಕಿಲೋಮೀಟರ್. ಆಷಾಢದ ಮಳೆಯಲ್ಲಿ ಒಂದು ಲೀಟರ್ ಹಾಲು ಹಿಡಿದು ಅಷ್ಟು ದೂರ ಯಾರು ನಡೆಯುತ್ತಾರೆ? ಚಿಕ್ಕಮ್ಮ ಮಜ್ಜಿಗೆ ಕಡೆದು ಬೆಣ್ಣೆ ಕಾಯಿಸುತ್ತಿದ್ದರು. ಆ ತುಪ್ಪಕ್ಕೆ ಯಾವ ಪ್ರೋತ್ಸಾಹಧನವೂ ಇಲ್ಲ. ಲೀಟರಿನ ಜೊತೆಗೆ, ಮನೆಯಲ್ಲಿ ಸಾಕಿದ ಗಿಡ್ಡಕ್ಕೆ ತಲೆಗಿಷ್ಟು ಎಂದು ವರ್ಷಕ್ಕೊಮ್ಮೆ ಕೊಟ್ಟರೂ ಸಾಕಿತ್ತು ಎಂದು ನನಗನಿಸುತ್ತದೆ.

ಹೋದ ಮಳೆಗಾಲಕ್ಕೆ ಮೊದಲು ಅವರು ಇದ್ದ ನಾಲ್ಕರಲ್ಲಿ ಮೂರು ಗಿಡ್ಡಗಳನ್ನು ಕೊಟ್ಟುಬಿಟ್ಟರು. ತೋಟಕ್ಕೆ ಈಗ ಬಯಲುಸೀಮೆಯಿಂದ ಲಾರಿಯಲ್ಲಿ ಕುರಿಗೊಬ್ಬರ ಬರುತ್ತದೆ. ಮೊದಲ ಲೋಡಿನ ಬೆಲೆ ಕೇಳಿದ ಚಿಕ್ಕಪ್ಪ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲವಂತೆ.