ದಡದ ಮೇಲೆ ನಿಂತೋರು

ಫೈಟಿಂಗ್ ಸೀನು ಬಂದರೆ ಸಾಕು, ಮುಂದಿನ ಬೆಂಚಿನ ನಮ್ಮ ಹುಡುಗರ ಕೈಕಾಲು ಸುಮ್ಮನಿರೋದಿಲ್ಲ. ಅಣ್ಣಾವ್ರ ಕಾಲದಿಂದ ಇವತ್ತಿನವರೆಗೂ ಇದೇ ಕಥೆ. ಹೀರೋ ಒಬ್ಬ, ರೌಡಿಗಳು ಹತ್ತು ಜನ, ಹೊಡಿ ಗುರು ಹೊಡಿ! ಆದರೆ ಸ್ವಾಮಿ, ಆ ಸೀನಿನಲ್ಲಿ ಇನ್ನೊಂದು ಗುಂಪು ಇರುತ್ತೆ, ಗಮನಿಸಿದ್ದೀರಾ? ಸಂತೆ ಬುಟ್ಟಿ ಹಿಡ್ಕೊಂಡು, ಬಾಯಿ ಬಿಟ್ಕೊಂಡು ಸುತ್ತ ನಿಂತಿರೋ ಎಕ್ಸ್‌ಟ್ರಾಗಳು. ಕ್ಯಾಮೆರಾ ಅವರ ಮೇಲೆ ಎರಡು ಸೆಕೆಂಡೂ ನಿಲ್ಲೋದಿಲ್ಲ. ಈ ಸಲ ನಾನು ಬರೀತಿರೋದು ಅವರ ಬಗ್ಗೆ. ಯಾಕಂದ್ರೆ ಊರಲ್ಲಿ ನಾವೂ ನೀವೂ ಅವರೇ!

'ಚೋಮನ ದುಡಿ' ಚಿತ್ರವನ್ನೇ ತಗೊಳ್ಳಿ. 1975ರ ಸ್ವರ್ಣಕಮಲ ಗೆದ್ದ ಚಿತ್ರ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಚೋಮನಾಗಿ ಬದುಕಿಬಿಟ್ಟ ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. ಅದರಲ್ಲಿ ಚೋಮನ ಕಿರಿಮಗ ನೀರಿನಲ್ಲಿ ಮುಳುಗುತ್ತಾನೆ. ಮುಟ್ಟಬಾರದ ಜಾತಿಯ ಹುಡುಗ ಅಂತ ಒಬ್ಬನೂ ನೀರಿಗಿಳಿಯೋದಿಲ್ಲ. ಆ ಹುಡುಗನನ್ನು ಕೊಂದದ್ದು ನೀರಾ, ದಡಾನಾ?

ನಾನು ಕೋಲಾರ ತಾಲೂಕು ಹುತ್ತೂರು ಕಡೆಯವನು. ನಮ್ಮ ಸೀಮೆಯಲ್ಲಿ ಕೆರೆ ಒಣಗಿದರೂ ಈ ದಡ ಮಾತ್ರ ಬಹಳ ಉದ್ದ.

2000ನೇ ಇಸವಿ ಮಾರ್ಚ್ 11. ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿ. ಆಗಿನ್ನೂ ಅದು ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು. ಏಳು ಜನ ದಲಿತರನ್ನು ಮನೆಯೊಳಗೇ ಜೀವಂತ ಸುಟ್ಟರು. ಇಡೀ ದೇಶವೇ ಬೆಚ್ಚಿಬಿತ್ತು. ಆದರೆ ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ!

ಸಾಕ್ಷಿ ಹೇಳದವರನ್ನು ಬೈಯೋದು ಸುಲಭ. ಆದರೆ ಯೋಚನೆ ಮಾಡಿ. ಬಡವನಿಗೆ ಕೂಲಿ ಕೊಡೋ ಟೊಮ್ಯಾಟೊ ತೋಟ, ಹಾಲು ಹಾಕೋ ಡೈರಿ, ಸಾಲ ಕೊಡೋ ಅಂಗಡಿ, ಎಲ್ಲಾ ಅದೇ ಊರಿನಲ್ಲಿ. ಕೋರ್ಟಿನಲ್ಲಿ ಒಂದು ದಿನ ಬಾಯಿ ಬಿಟ್ಟವನು ಮಾರನೆಯ ದಿನದಿಂದ ಒಬ್ಬನೇ ಬದುಕಬೇಕು. ಅವನ ಪಕ್ಕ ಇನ್ನೂ ನಾಲ್ಕು ಜನ ಇದ್ದರೆ?

ಇದ್ದರೆ ಏನಾಗುತ್ತೆ ಅನ್ನೋದಕ್ಕೂ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. 2022ರ ಸೆಪ್ಟೆಂಬರ್, ಮಾಲೂರು ತಾಲೂಕಿನ ಉಳ್ಳೇರಹಳ್ಳಿ. ದೇವರ ಉತ್ಸವದಲ್ಲಿ ದಲಿತರ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ ಊರಿನವರು ಕೂತು ನ್ಯಾಯ ಮಾಡಿದರು. ದಂಡ ಎಷ್ಟು ಗೊತ್ತೇ? 60,000 ರೂಪಾಯಿ! ಕಟ್ಟದಿದ್ದರೆ ಊರು ಬಿಡಬೇಕಂತೆ. ಆ ಮನೆಯವರು ಒಬ್ಬಂಟಿಯಾಗಿ ಉಳಿಯಲಿಲ್ಲ. ಅಂಬೇಡ್ಕರ್ ಹೆಸರಿನ ಸಂಘಟನೆಯ ಹುಡುಗರು ಜೊತೆಗೆ ನಿಂತರು. ಠಾಣೆಯಲ್ಲಿ ಕೇಸಾಯಿತು. ಅಧಿಕಾರಿಗಳು ಊರಿಗೆ ಬಂದರು. ಆ ಮನೆಯ ಗೋಡೆಯಿಂದ ದೇವರ ಪಟ ಇಳಿದು ಬಾಬಾಸಾಹೇಬರ ಪಟ ಏರಿತು.

ದ್ವೇಷ ಅನ್ನೋದು ಒಬ್ಬನ ಸಿಟ್ಟಲ್ಲ ಗುರು. ಅದಕ್ಕೂ ಒಂದು ಪ್ರೊಡಕ್ಷನ್ ಕಂಪೆನಿ ಇರುತ್ತೆ. ಕಥೆ ಕಟ್ಟೋನು ಒಬ್ಬ, ದುಡ್ಡು ಹಾಕೋನು ಒಬ್ಬ, ತಮಟೆ ಹೊಡೆಸಿ ಜನ ಸೇರಿಸೋನು ಇನ್ನೊಬ್ಬ. ಆದರೆ ಎಕ್ಸ್‌ಟ್ರಾಗಳು ಬರೋದಿಲ್ಲ ಅಂದ್ರೆ ಅವತ್ತಿಗೆ ಶೂಟಿಂಗ್ ಪ್ಯಾಕಪ್!

ನನಗೊಬ್ಬ ಗೆಳೆಯನಿದ್ದಾನೆ, ಕಾಲೋನಿಯವನು. ಕೋಲಾರದ ಟಾಕೀಸಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತು ನಾವು ನೋಡದ ಚಿತ್ರವಿಲ್ಲ. ಕನ್ನಡ, ತೆಲುಗು, ತಮಿಳು, ಯಾವುದಾದರೂ ಸರಿ. ಟಿಕೆಟ್ ಹರಿಯೋನು ಜಾತಿ ಕೇಳೋದಿಲ್ಲ, ಬಸ್ಸು ಇಳಿದ ಮೇಲೆ ಊರು ಕೇಳುತ್ತೆ. ಅವನ ಮನೆಯಲ್ಲಿ ಮುದ್ದೆ ಉಂಡೆ ಅಂತ ನಾಲ್ಕು ಜನ ಹಿರಿಯರು ನಮ್ಮಪ್ಪನ ಹತ್ರ ಬಂದು, "ಮಗನಿಗೆ ಬುದ್ಧಿ ಹೇಳು, ಇಲ್ಲದಿದ್ರೆ ನಿಮ್ಮನೆ ಮದುವೆಗೆ ಯಾರೂ ಬರೋದಿಲ್ಲ" ಅಂದರು. ಅಪ್ಪ ರಾತ್ರಿಯೆಲ್ಲ ಮಾತಾಡಲಿಲ್ಲ. ಮಾರನೇ ವಾರ ನಾನು ಮತ್ತೆ ಹೋಗಿ ಉಂಡೆ. ತಂಗಿ ಮದುವೆಗೆ ಕೆಲವರು ಬರಲಿಲ್ಲ, ನಿಜ. ಬಂದವರು ಜಾಸ್ತಿ ಉಂಡರು, ಅಷ್ಟೆ!

ಕಾನೂನು ನಮ್ಮ ಕೈಯಲ್ಲೇ ಇದೆ. ದೌರ್ಜನ್ಯ ತಡೆ ಕಾಯಿದೆ ಬಂದದ್ದು 1989ರಲ್ಲಿ. 2015ರ ತಿದ್ದುಪಡಿಯಾದ ಮೇಲೆ ದಲಿತರಿಗೆ ಸಾಮಾಜಿಕ ಬಹಿಷ್ಕಾರ ಹಾಕೋದು, ಹಾಕ್ತೀವಿ ಅಂತ ಬೆದರಿಸೋದು, ಎರಡೂ ಅಪರಾಧ. ಸಾಕ್ಷಿಗೆ ರಕ್ಷಣೆ, ಕೋರ್ಟಿಗೆ ಓಡಾಡೋ ಖರ್ಚು ಕೊಡಬೇಕು ಅಂತಲೂ ಅದರಲ್ಲೇ ಬರೆದಿದೆ. ಆದರೆ ಕಾಯಿದೆಗೆ ಕಾಲಿಲ್ಲ. ಅದನ್ನು ಠಾಣೆವರೆಗೂ ಯಾರಾದರೂ ನಡೆಸಿಕೊಂಡು ಹೋಗಬೇಕು.

ಅದಕ್ಕೆ ಹೀರೋನೇ ಬೇಕಾಗಿಲ್ಲ. ದೂರು ಕೊಡೋಕೆ ಹೊರಟವರ ಜೊತೆ ಬಸ್ಸು ಹತ್ತಿ. ಅರ್ಜಿ ಬರೆದುಕೊಡಿ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ಬರೆಯೋಕೆ ಬರುತ್ತೆ, ನಿಮಗೆ ಬರೋದಿಲ್ವಾ? ಕಂಡದ್ದನ್ನು ಕಂಡೆ ಅಂತ ಹೇಳಿ, ವರ್ಷ ಎಷ್ಟು ಕಳೆದರೂ ಅದನ್ನೇ ಹೇಳಿ. ಇದಕ್ಕೆ ಶಿಳ್ಳೆ ಬೀಳೋದಿಲ್ಲ, ಕಟೌಟ್ ನಿಲ್ಲೋದಿಲ್ಲ. ಆದರೆ ಮುಳುಗ್ತಾ ಇರೋನಿಗೆ ಬೇಕಾಗಿರೋದು ಕಟೌಟ್ ಅಲ್ಲ ಸ್ವಾಮಿ, ಒಂದು ಕೈ!