ಶಾಸನದ ಕಲ್ಲಿಗೊಂದು ಬೆನ್ನುಚೀಲ

ಹೊರೆ ಹೊರುವ ಸಾಧನಗಳಿಗೆ ಹೆಸರಿಡುವುದರಲ್ಲಿ ನಮ್ಮ ಹಿರಿಯರು ಬಹಳ ಉದಾರಿಗಳಾಗಿದ್ದರು. ಅಮರಸಿಂಹನು ಹೆಗಲ ಮೇಲಿನ ಅಡ್ಡೆಗೆ ‘ವಿಹಂಗಿಕಾ’ ಎಂಬ ಹೆಸರನ್ನು ಹೇಳಿ, ಅದರಿಂದ ತೂಗಾಡುವ ನೆಲುವಿಗೆ ‘ಶಿಕ್ಯ’ವೆಂದಿದ್ದಾನೆ. ಎರಡು ಕಡೆಗೂ ರೆಕ್ಕೆಯಂತೆ ಚಾಚಿಕೊಂಡ ಅಡ್ಡೆಯನ್ನು ಕಂಡು ಹಕ್ಕಿಯನ್ನು ನೆನೆದವನು ಯಾವನೋ, ಅವನು ಆ ಹೊರೆಯನ್ನು ತಾನೇ ಹೊತ್ತಿರಲಾರನೆಂದು ನನ್ನ ಗುಮಾನಿ. ಕನ್ನಡದಲ್ಲಿಯೂ ಜೋಳಿಗೆ, ಬಗಲಚೀಲ, ಹಸುಬೆ, ಗಂಟು, ಮೂಟೆ ಎಂದು ಒಂದೊಂದಕ್ಕೂ ಒಂದೊಂದು ಮಾತುಂಟು. ಆದರೆ ಈಗಿನ ತರುಣರು ಬೆಟ್ಟವನ್ನೇರುವಾಗ ಬೆನ್ನಿಗೆ ಬಿಗಿದುಕೊಳ್ಳುವ, ಎರಡು ಹೆಗಲಪಟ್ಟಿ ಒಂದು ಸೊಂಟಪಟ್ಟಿಯುಳ್ಳ ಆ ದೊಡ್ಡ ಚೀಲಕ್ಕೆ ನಿಂತ ಹೆಸರಿನ್ನೂ ಇಲ್ಲ. ಬೆನ್ನುಚೀಲವೆಂದು ಕರೆದು ಮುಂದುವರಿಯುತ್ತೇನೆ.

ಅರುವತ್ತು ದಾಟಿದ ಪಾಠಶಾಲೆಯ ಮನುಷ್ಯನಿಗೆ ಬೆಟ್ಟವೇರುವವರ ಚೀಲದಿಂದ ಏನಾಗಬೇಕೆಂದು ವಾಚಕರು ಕೇಳಬಹುದು. ನಾನು ಏರುವುದು ಬೆಟ್ಟವನ್ನಲ್ಲ, ಕೆರೆಯ ಏರಿಯನ್ನು. ಯಲಹಂಕದ ಸುತ್ತಮುತ್ತಣ ಏರಿಗಳ ಮೇಲೆ, ಹೊಲದ ಬದುಗಳಲ್ಲಿ, ಪಾಳುಗುಡಿಗಳ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳನ್ನೂ ಶಾಸನದ ಕಲ್ಲುಗಳನ್ನೂ ಹುಡುಕಿ ಅವುಗಳ ಛಾಯಾಚಿತ್ರವನ್ನು ತೆಗೆಯುವುದು ನನ್ನ ಈಗಿನ ಕೆಲಸ. ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್ ಸಾಹೇಬರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ಪ್ರಕಟಿಸಿ ಈ ಜಿಲ್ಲೆಯ ಶಾಸನಗಳನ್ನು ಲೋಕದ ಕಣ್ಣಿಗೆ ತಂದರು. ಅಂದು ಅವರು ಊರೂರಿಗೆ ಗುರುತುಹಾಕಿದ ಕಲ್ಲುಗಳೆಲ್ಲ ಇಂದಿಗೂ ಇದ್ದಲ್ಲಿಯೇ ಇರುವುವೆಂದು ಯಾರೂ ತಿಳಿಯಬಾರದು. ಊರು ಬೆಳೆದಿದೆ, ರಸ್ತೆ ಅಗಲವಾಗಿದೆ, ಹೊಲಗಳು ನಿವೇಶನಗಳಾಗಿವೆ. ಕಲ್ಲು ಮಾತ್ರ ಬೆಳೆಯಲಿಲ್ಲವಾದ್ದರಿಂದ ಅದು ಅಡಿಪಾಯಕ್ಕೂ ಚರಂಡಿಯ ಚಪ್ಪಡಿಗೂ ಸಲ್ಲುತ್ತಿದೆ. ಇದಕ್ಕೆ ವಿರುದ್ಧವಾದ ಭಾಗ್ಯವೂ ಒಮ್ಮೊಮ್ಮೆ ಒದಗುವುದುಂಟು. 2018ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ಹೊರಬಿದ್ದಿತು. ಗಂಗರ ಶ್ರೀಪುರುಷನ ಕಾಲದ್ದು; ಸುಮಾರು ಕ್ರಿ. ಶ. 750. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಬರಹಗಳ ಸಾಲಿಗೆ ಸೇರಿದ್ದು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಇಂಥ ಕಲ್ಲುಗಳನ್ನು ಯಂತ್ರದ ಮೂಲಕ ಮೂರು ಆಯಾಮಗಳಲ್ಲಿಯೂ ದಾಖಲೆಮಾಡುತ್ತಿರುವುದು ಸಂತೋಷದ ಸಂಗತಿ. ಆ ಯಂತ್ರ ಮುಟ್ಟದ ಮೂಲೆಗಳಿಗೆ ನನ್ನಂಥವನು ಒಂದು ಕ್ಯಾಮೆರಾ ಹಿಡಿದು ಹೋದರೆ ತಪ್ಪೇನೂ ಇಲ್ಲವಷ್ಟೆ.

ಶಾಸನದ ಚಿತ್ರವನ್ನು ತೆಗೆಯುವುದು ಮದುವೆಯ ಚಿತ್ರವನ್ನು ತೆಗೆದಂತಲ್ಲ. ನಮ್ಮ ಸೀಮೆಯ ಕಲ್ಲು ಒರಟು, ಅಕ್ಷರದ ಆಳ ಅಲ್ಪ. ಮಧ್ಯಾಹ್ನದ ಬಿಸಿಲು ಎದುರಿನಿಂದ ಬಿದ್ದರೆ ಅಕ್ಷರವೂ ಕಲ್ಲಿನ ತರಿಯೂ ಒಂದೇ ಬೂದುಬಣ್ಣವಾಗಿ ಕಲಸಿಹೋಗುತ್ತವೆ. ಬೆಳಕು ಪಕ್ಕದಿಂದ, ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಂತೆ ಬರಬೇಕು. ಆಗ ಪ್ರತಿಯೊಂದು ಗೆರೆಯ ಒಂದು ಅಂಚು ಬೆಳಗಿ ಇನ್ನೊಂದು ಅಂಚು ಕಪ್ಪಾಗಿ, ಅಕ್ಷರವು ಕಲ್ಲಿನಿಂದ ಎದ್ದುಬಂದಂತೆ ತೋರುವುದು. ಸೂರ್ಯನು ಏಳುವಾಗಲೂ ಮುಳುಗುವಾಗಲೂ ಈ ಉಪಕಾರವನ್ನು ಪುಕ್ಕಟೆಯಾಗಿ ಮಾಡುತ್ತಾನೆ. ಆದರೆ ಪ್ರತಿಯೊಂದು ಕಲ್ಲೂ ಅವನಿಗೆ ಅನುಕೂಲವಾದ ದಿಕ್ಕಿಗೆ ಮುಖಮಾಡಿ ನಿಂತಿರುವುದಿಲ್ಲ. ಆದುದರಿಂದ ಎರಡು ಸಣ್ಣ ವಿದ್ಯುದ್ದೀಪಗಳು ಬೇಕು, ಒಂದು ಕನ್ನಡಿ ಬೇಕು, ಮುಕ್ಕಾಲಿ ಬೇಕು. ಅಕ್ಷರಗಳಿಗೆ ಸುಣ್ಣವನ್ನೋ ಹಿಟ್ಟನ್ನೋ ಬಳಿದು ಓದುವ ಪದ್ಧತಿಯೊಂದುಂಟು. ನಾನದನ್ನು ಒಪ್ಪುವುದಿಲ್ಲ. ಮೆತ್ತನೆಯ ಕುಂಚ, ಒಂದಿಷ್ಟು ನೀರು, ಓರೆಯಾದ ಬೆಳಕು, ಇಷ್ಟಕ್ಕೆ ಓದಲು ಸಿಕ್ಕದ ಅಕ್ಷರವು ಬಳಿದವನ ಕಲ್ಪನೆಯಿಂದಲೇ ಓದಿಸಿಕೊಳ್ಳುವುದೇ ಹೆಚ್ಚು.

ಹೀಗಾಗಿ ಸಾಮಾನು ಬೆಳೆಯಿತು. ಮಸೂರ ಸಮೇತವಾದ ಕ್ಯಾಮೆರಾ, ಸಮೀಪದ ಚಿತ್ರಕ್ಕಾಗಿ ಇನ್ನೊಂದು ಮಸೂರ, ಮುಕ್ಕಾಲಿ, ದೀಪಗಳು, ಅವುಗಳ ಬ್ಯಾಟರಿ, ಕನ್ನಡಿ, ಅಳತೆಯ ಪಟ್ಟಿ, ಕುಂಚ, ಕುಡಿಯುವ ನೀರು, ಎಲ್ಲ ಸೇರಿ ಚೀಲದ ತೂಕವೂ ಕೂಡಿದರೆ ಸುಮಾರು 7 ಕಿಲೋಗ್ರಾಂ. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ಚಿತ್ರಗಳನ್ನು ಮೇಣದ ಕಾಗದದ ಮೇಲೆ ತೆಗೆದನಷ್ಟೆ. ಆ ಕಾಗದಗಳೋ ಊಟದ ಎಲೆಯಷ್ಟು ಅಗಲ. ಅವುಗಳಿಗೆ ತಕ್ಕ ಪೆಟ್ಟಿಗೆಯಂಥ ಕ್ಯಾಮೆರಾವನ್ನು ಅವನೊಬ್ಬನೇ ಹೊತ್ತಿರಲಾರನು. ನನಗೆ ಸಾಮಾನು ಹೊರುವ ಆಳಿಲ್ಲ. ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ಬಸ್ಸೂ, ಬಸ್ಸಿಳಿದ ಮೇಲೆ ಎರಡು ಕಾಲೂ ಉಂಟು. ಮೊದಲು ಪೇಟೆಯಲ್ಲಿ ಕ್ಯಾಮೆರಾಕ್ಕೆಂದೇ ಮಾಡಿದ ಚೀಲವನ್ನು ಕೊಂಡಿದ್ದೆನು. ಅದರ ಒಳಗಿನ ಗೂಡುಗಳೇನೋ ಅಂದವಾಗಿದ್ದುವು. ಭಾರವೆಲ್ಲ ಒಂದೇ ಹೆಗಲಿಗೆ. ಎರಡು ತಿಂಗಳಲ್ಲಿ ನನ್ನ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತುವುದೇ ಕಷ್ಟವಾಯಿತು. ವೈದ್ಯರು, ಹೆಗಲ ಮೇಲೆ ಇನ್ನು ಭಾರ ಕೂಡದೆಂದರು. ನನ್ನ ಮನೆಯವರು ಅದಕ್ಕೆ ಭಾಷ್ಯವನ್ನು ಬರೆದು, ಕಲ್ಲುಗಳೂ ಇನ್ನು ಕೂಡದೆಂದರು.

ಆಗ ಕೈಗೆ ಬಂದದ್ದು ನನ್ನ ತಮ್ಮನ ಮಗನ ಚಾರಣದ ಚೀಲ. ಅವನು ಉದ್ಯೋಗದ ನಿಮಿತ್ತ ಪರಸ್ಥಳಕ್ಕೆ ಹೋಗುವಾಗ ಅಟ್ಟದ ಮೇಲೆ ಎಸೆದುಹೋಗಿದ್ದನು. ಕೇಳಿದ್ದಕ್ಕೆ, “ತಗೊಳ್ಳಿ ದೊಡ್ಡಪ್ಪ, ಆದರೆ ಸೊಂಟದ ಪಟ್ಟಿ ಕಟ್ಟದೆ ಮಾತ್ರ ಹೊರಬೇಡಿ” ಎಂದನು. ಈ ಸೊಂಟಪಟ್ಟಿಯಲ್ಲಿಯೇ ಗುಟ್ಟಿರುವುದು. ಅದು ಸೊಂಟದ ಎಲುಬಿನ ಮೇಲಂಚಿನ ಮೇಲೆ ಕುಳಿತು ಬಿಗಿಯಾದರೆ, ಭಾರದ ಬಹುಭಾಗವು ಹೆಗಲನ್ನು ಬಿಟ್ಟು ಸೊಂಟಕ್ಕೂ ಕಾಲುಗಳಿಗೂ ಇಳಿಯುತ್ತದೆ. ಹೆಗಲಪಟ್ಟಿಗಳ ಕೆಲಸ ಚೀಲವು ಹಿಂದಕ್ಕೆ ವಾಲದಂತೆ ಹಿಡಿಯುವುದು ಮಾತ್ರ. ಪಂಚೆಯನ್ನುಡುವವನಿಗೆ ಇದರಲ್ಲಿ ಒಂದು ಅವಾಂತರ ಪ್ರಕರಣವುಂಟು: ಪಟ್ಟಿಯು ಪಂಚೆಯ ಗಂಟಿನ ಮೇಲೆ ಬಂದರೆ ಗಂಟು ಹೊಟ್ಟೆಯನ್ನು ಒತ್ತುವುದು, ಕೆಳಗೆ ಬಂದರೆ ಪಂಚೆ ಜಾರುವುದು. ಕಚ್ಚೆ ಹಾಕಿ ಉಟ್ಟು, ಗಂಟಿನ ಭಾಗವನ್ನು ಒಂದು ಪಕ್ಕಕ್ಕೆ ಸರಿಸಿಕೊಂಡರೆ ಎರಡಕ್ಕೂ ಸಮಾಧಾನ.

ಚೀಲದಲ್ಲಿ ಭಾರವನ್ನು ಎಲ್ಲಿಡಬೇಕೆಂಬ ವಿಷಯದಲ್ಲಿ ನನಗೆ ಗುರುವಾದವನು ಯಶವಂತಪುರದ ಮಾರುಕಟ್ಟೆಯ ಒಬ್ಬ ಹಮಾಲಿ. ಈರುಳ್ಳಿಯ ಮೂಟೆಯನ್ನು ಹೊತ್ತು ಲಾರಿಯಿಂದ ಇಳಿಯುತ್ತಿದ್ದವನನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆನು. ಅವನು ಮೂಟೆಯಿಳಿಸಿ ಬಂದು, ಏನು ನೋಡುತ್ತೀರೆಂದು ಕೇಳಿದನು. ಹೇಳಿದೆನು. “ಭಾರ ಮೇಲಕ್ಕಿರಬೇಕು ಸ್ವಾಮಿ, ಬೆನ್ನಿಗೆ ಅಂಟ್ಕೊಂಡಿರಬೇಕು. ಹಿಂದಕ್ಕೆ ಸರಿದ್ರೆ ನಾವು ಅದನ್ನ ಹೊರಲ್ಲ, ಅದೇ ನಮ್ಮನ್ನ ಎಳೀತದೆ” ಎಂದನು. ಸನ್ನೆಗೋಲಿನ ನಿಯಮವನ್ನು ಇದಕ್ಕಿಂತ ಚೊಕ್ಕವಾಗಿ ನಾನು ಯಾವ ತರಗತಿಯಲ್ಲಿಯೂ ಕೇಳಿರಲಿಲ್ಲ. ಭಾರವು ಬೆನ್ನಿನಿಂದ ದೂರವಾದಷ್ಟೂ ಮೈ ಮುಂದಕ್ಕೆ ಬಾಗಬೇಕಾಗುವುದು. ನಡುವಿಗೆ ಅದೇ ಶಿಕ್ಷೆ.

ಚಾರಣದ ಚೀಲವು ಬಾವಿಯಿದ್ದಂತೆ. ಬಾಯಿ ಮೇಲೆ, ತಳ ಆಳದಲ್ಲಿ. ಕ್ಯಾಮೆರಾವನ್ನು ಹಾಗೆಯೇ ಒಳಗೆ ಬಿಟ್ಟರೆ ಅದು ತಳ ಸೇರಿ, ಹಮಾಲಿಯ ಸೂತ್ರಕ್ಕೆ ಭಂಗ ಬರುವುದಲ್ಲದೆ, ತೆಗೆಯಬೇಕಾದಾಗ ಎಲ್ಲವನ್ನೂ ಹೊರಗೆ ಸುರಿಯಬೇಕು. ಯಲಹಂಕದ ಹಳೆಯ ಊರಿನಲ್ಲಿ ಚೀಲಗಳನ್ನು ಹೊಲಿಯುವ ಸಾಹೇಬರೊಬ್ಬರಿದ್ದಾರೆ. ಅವರ ಮೊದಲ ಸಲಹೆ, ಮುಂಭಾಗವನ್ನು ಉದ್ದಕ್ಕೆ ಸೀಳಿ ಜಿಪ್ ಕೂರಿಸುವುದು. ನಾನು ಒಪ್ಪಲಿಲ್ಲ. ಆ ಬಟ್ಟೆಗೆ ಒಳಗಡೆ ನೀರು ತಡೆಯುವ ಲೇಪವುಂಟು. ಸೂಜಿ ಚುಚ್ಚಿದ ಪ್ರತಿಯೊಂದು ತೂತೂ ಮಳೆಗೆ ಒಂದು ಬಾಗಿಲು. ಮೇಲಾಗಿ ತುಂಬಿದ ಚೀಲದ ಎಳೆತವನ್ನೆಲ್ಲ ತಡೆಯುವುದು ಅದೇ ಬಟ್ಟೆ. ಬಾವಿಯಾದರೆ ಬಾವಿಯೇ ಇರಲಿ, ಕೊಡವನ್ನು ಮಾಡೋಣವೆಂದೆನು. ಅಂದರೆ ಚೀಲದೊಳಗೆ ಇಳಿಸಿ ಎತ್ತಬಹುದಾದ ಒಂದು ಒಳಪೆಟ್ಟಿಗೆ. ಸಾಹೇಬರು ಸ್ವಲ್ಪ ಯೋಚಿಸಿ, “ಹಾಗಾದ್ರೆ ಅದು ಜಾರಬೇಕು ಸಾರ್, ಸಿಕ್ಕಿಹಾಕ್ಕೋಬಾರ್ದು” ಎಂದರು. ಕೆಲಸ ತಿಳಿದವರ ಮಾತು.

ಪೆಟ್ಟಿಗೆಗೆ ಕುರ್ಚಿಯ ದಿಂಬಿನ ಸ್ಪಂಜು ಒದಗುವುದಿಲ್ಲ; ಒತ್ತಿದರೆ ಅಪ್ಪಚ್ಚಿಯಾಗುವುದು, ನೀರು ಹೀರುವುದು, ಕೆಲವು ವರ್ಷಗಳಲ್ಲಿ ಪುಡಿಯಾಗಿ ಮಸೂರದ ಮೇಲೆ ಉದುರುವುದು. ಚಾರಣಿಗರು ನೆಲಕ್ಕೆ ಹಾಸಿ ಮಲಗುವ, 10 ಮಿಲಿಮೀಟರ್ ದಪ್ಪದ ಗಟ್ಟಿ ಫೋಮಿನ ಚಾಪೆಯೇ ತಕ್ಕುದು. ಅದರ ಒಳಗಿನ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ನೀರು ಒಳಗೆ ಇಳಿಯುವುದಿಲ್ಲ. ಹಳೆಯ ವೃತ್ತಪತ್ರಿಕೆಯಲ್ಲಿ ಮಾದರಿಗಳನ್ನು ಕತ್ತರಿಸಿ, ಚೀಲದೊಳಗೆ ಕೂರಿಸಿ ನೋಡಿ, 28 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಆಳ, 30 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಿಸಿದೆವು. ಗೋಡೆಗಳು ಒಂದು ಪದರ, ತಳ ಎರಡು ಪದರ. ಚೀಲವನ್ನು ನೆಲಕ್ಕೆ ಇಡುವಾಗ ಪೆಟ್ಟು ಬೀಳುವುದು ತಳಕ್ಕಲ್ಲವೆ? ಹೊರಮೈಗೆ ಸಾಹೇಬರು ಕೊಡೆಯ ಬಟ್ಟೆಯನ್ನು ಹೊದಿಸಿದರು. ಜಾರುವುದಕ್ಕೆ ಅದಕ್ಕಿಂತ ಬೇರೆ ಬೇಕಿಲ್ಲ. ಒಳಮೈಗೆ ವೆಲ್ಕ್ರೋ ಕಚ್ಚಿಕೊಳ್ಳುವಂಥ ನವಿರು ಬಟ್ಟೆ, ಅದರ ಮೇಲೆ ಬೇಕಾದ ಕಡೆಗೆ ಸರಿಸಬಹುದಾದ ಮೂರು ಅಡ್ಡಗೋಡೆಗಳು, ಎತ್ತಲು ಎರಡು ಹಿಡಿಗಳು, ಮೇಲೊಂದು ಮುಚ್ಚಳ. ಕೂಲಿಯಲ್ಲಿ ಅವರು ನನಗೆ ರಿಯಾಯಿತಿ ತೋರಿಸಹೊರಟಾಗ ನಾನು ತೆಗೆದುಕೊಳ್ಳಲಿಲ್ಲ.

ಪೆಟ್ಟಿಗೆಯ ಕೆಳಗೆ, ಚೀಲದ ತಳದಲ್ಲಿ, ಒಂದು ಹಳೆಯ ಜಮಖಾನವನ್ನೂ ಟವೆಲನ್ನೂ ಮಳೆಯ ಹೊದಿಕೆಯನ್ನೂ ತುಂಬುತ್ತೇನೆ. ಇವು ಹಗುರವಾಗಿದ್ದು ಭಾರವಾದ ಪೆಟ್ಟಿಗೆಯನ್ನು ಬೆನ್ನಿನ ಮೇಲ್ಭಾಗಕ್ಕೆ ಎತ್ತಿಹಿಡಿಯುತ್ತವೆ. ಕಲ್ಲಿನ ಮುಂದೆ ಅದೇ ಜಮಖಾನವನ್ನು ಹಾಸಿ ಪೆಟ್ಟಿಗೆಯನ್ನಿಟ್ಟರೆ ಧೂಳಿಲ್ಲ. ಮುಕ್ಕಾಲಿ ಎಡಪಕ್ಕದ ಪಟ್ಟಿಗೆ. ಅದರ ಸಮತೂಕಕ್ಕೆ ನೀರಿನ ಸೀಸೆಯೂ ಬ್ಯಾಟರಿಯ ಚಿಕ್ಕ ಡಬ್ಬಿಯೂ ಬಲಪಕ್ಕದ ಹೊರಜೇಬಿಗೆ. ನೀರು ಎಂದಿಗೂ ಒಳಗೆ ಕೂಡದು. ಪೆಟ್ಟಿಗೆಯ ಮೂಲೆಯಲ್ಲಿ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣಗಳು. ಮಳೆಗಾಲದ ತೇವಕ್ಕೆ ಮಸೂರದ ಮೇಲೆ ಬೂಷ್ಟು ಬೆಳೆದರೆ ಅದನ್ನು ತೆಗೆಯುವುದು ದುಬಾರಿಯ ಮಾತು. ಆದರೂ ಮನೆಗೆ ಬಂದೊಡನೆ ಎಲ್ಲವನ್ನೂ ಹೊರಗೆ ತೆಗೆದು ಗಾಳಿಗಿಡುತ್ತೇನೆ. ಚೀಲವೆಂಬುದು ದಾರಿಗೆ, ವಾಸಕ್ಕಲ್ಲ.

ಈ ಚೀಲವನ್ನು ಹೊತ್ತು ಮೊದಲು ಹೋದದ್ದು ರಾಜಾನುಕುಂಟೆಯ ಆಚೆಯ ಒಂದು ಹಳ್ಳಿಗೆ. ಊರ ಹೊರಗಿನ ಹುಣಿಸೆಯ ಮರದ ಕೆಳಗೆ ಮೂರು ಅಂತಸ್ತಿನ ವೀರಗಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲೋಕ. ಅಂತಸ್ತುಗಳ ನಡುವಣ ಪಟ್ಟಿಗಳಲ್ಲಿ ಮೂರು ಸಾಲು ಬರಹ. ಬಸ್ಸಿಳಿದು ಎರಡೂವರೆ ಮೈಲಿ ನಡೆದೆನು. ಹೆಗಲು ಒಮ್ಮೆಯೂ ದೂರು ಹೇಳಲಿಲ್ಲ. ಪಕ್ಕದ ಹೊಲಕ್ಕೆ ಆಗಲೇ ಬಿಳಿಯ ಗುರುತುಕಲ್ಲುಗಳನ್ನು ನೆಟ್ಟಿದ್ದರು. ವೀರಗಲ್ಲಿನ ಮುಖ ಉತ್ತರಕ್ಕೆ, ಸೂರ್ಯನಿಂದ ಪ್ರಯೋಜನವಿಲ್ಲ. ದೀಪವನ್ನು ಎಡದಿಂದ ಹಿಡಿದಾಗ ಮೊದಲ ಸಾಲು ಎದ್ದಿತು, ಬಲದಿಂದ ಹಿಡಿದಾಗ ಎರಡನೆಯದು. ಮೂರನೆಯ ಸಾಲಿಗೆ ಕೆಳಗಿನಿಂದ ಬೆಳಕು ಬೇಕಾಯಿತು. ಅಲ್ಲಿ ‘ತುಱು’ ಎಂಬ ಎರಡಕ್ಷರ, ಆ ಹಳೆಯ ಱಕಾರದ ಸುತ್ತು ಕೂಡ, ಸ್ಫುಟವಾಗಿ ಕಂಡಿತು. ದನಗಳ ಸಲುವಾಗಿ ಕಾದಿ ಸತ್ತವನು. ಹೆಸರಿದ್ದ ಜಾಗದಲ್ಲಿ ಕಲ್ಲು ಚಕ್ಕೆಯೆದ್ದಿದೆ. ‘ಮಾ’ ಎಂಬ ಮೊದಲಕ್ಷರವೊಂದು ಉಳಿದಿದೆ.

ಆ ಕಲ್ಲಿಗೆ ದಿನವೂ ದೀಪವಿಡುವ ಅಜ್ಜಿಯೊಬ್ಬಳು ಬಂದು ಕುಳಿತಿದ್ದಳು. “ಏನ್ ಸಾಮಿ, ಏನ್ ಬರ್ದವ್ರೆ ಇದ್ರಲ್ಲಿ?” ಎಂದಳು. ಹೇಳಿದೆನು. ಅವಳು ಅದುವರೆಗೂ ಅದನ್ನು ದೇವರೆಂದು ತಿಳಿದಿದ್ದವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ದನ ಬಿಡಿಸ್ಕೊಂಡ್ ಬರಕ್ ಹೋಗಿ ಸತ್ನಾ? ಪಾಪ, ಯಾರ ಮಗನೋ” ಎಂದು ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದಳು.

ಅದು ಮಾಘಮಾಸ. ಆಷಾಢದಲ್ಲಿ ಮತ್ತೆ ಹೋದಾಗ ಹುಣಿಸೆಯ ಮರವಿರಲಿಲ್ಲ. ಕಲ್ಲನ್ನು ಹೊಸ ಕಾಂಪೌಂಡು ಗೋಡೆಯ ಪಕ್ಕಕ್ಕೆ ಸರಿಸಿ, ಬೀಳದಿರಲೆಂದು ಅರ್ಧದವರೆಗೆ ಸಿಮೆಂಟಿನಲ್ಲಿ ಹೂಳಿದ್ದರು. ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ದೇವರ ಕಲ್ಲೆಂದು ಭಕ್ತಿಯಿಂದಲೇ ನಿಲ್ಲಿಸಿದ್ದರು. ಮೂರನೆಯ ಸಾಲು ಈಗ ಸಿಮೆಂಟಿನ ಒಳಗಿದೆ. ನನ್ನ ಚಿತ್ರಗಳ ಪ್ರತಿಗಳನ್ನು ಶಾಸನಗಳನ್ನು ಬಲ್ಲ ಇಬ್ಬರು ವಿದ್ವಾಂಸರಿಗೆ ಕಳುಹಿಸಿದ್ದೇನೆ. ಕಟ್ಟುಹಾಕಿಸಿದ ಒಂದು ಪ್ರತಿ ಅಜ್ಜಿಯ ಮನೆಯ ಗೋಡೆಯ ಮೇಲಿದೆ. ಅವಳು ಅದಕ್ಕೂ ಕುಂಕುಮವಿಟ್ಟಿದ್ದಾಳೆ. ಸಿಮೆಂಟನ್ನು ಬಿಡಿಸುವ ಉಪಾಯವುಂಟೇ ಎಂದು ಊರಿನ ಹಿರಿಯರೊಡನೆ ಮಾತು ನಡೆಯುತ್ತಿದೆ. ಅಷ್ಟರಲ್ಲಿ ಹೆಸರಘಟ್ಟದ ಕಡೆಯಲ್ಲಿ ಏರಿಯ ಮೇಲೆ ಇನ್ನೊಂದು ಕಲ್ಲಿದೆಯೆಂದು ಕೇಳಿದ್ದೇನೆ. ಅದರ ಸುತ್ತ ಮುಳ್ಳು ಬಹಳವಂತೆ; ಚೀಲದ ಹೊರಜೇಬಿನಲ್ಲಿ ಒಂದು ಕುಡುಗೋಲಿಗೂ ಜಾಗ ಮಾಡಬೇಕೆಂದು ಸಾಹೇಬರಿಗೆ ಹೇಳಿ ಬಂದಿದ್ದೇನೆ.