ಊಳಿಟ್ಟಿದ್ದು ನಾನು, ಬಂದದ್ದು ನಾಯಿಗಳು

ಕೊಚ್ಚಿಯ ಉತ್ತರಕ್ಕೆ, ಪರವೂರು ಏಳಿಕ್ಕರ ಕಡೆಯ ಪೊಕ್ಕಾಳಿ ಗದ್ದೆಗಳಿಗೆ ವರ್ಷಕ್ಕೆ ಎರಡು ಬಾಳು. ಮಳೆಗೆ ಉಪ್ಪು ತೊಳೆದುಹೋದ ಮಣ್ಣಿನಲ್ಲಿ ಎದೆಯೆತ್ತರದ ಭತ್ತ ಒಂದು. ಅಕ್ಟೋಬರ್ ಕಳೆಯುವ ಹೊತ್ತಿಗೆ ತೆನೆಯನ್ನಷ್ಟೇ ಕೊಯ್ದುಕೊಂಡು, ದಂಟನ್ನು ನೀರಿನಲ್ಲೇ ಕೊಳೆಯಲು ಬಿಟ್ಟು, ನವೆಂಬರ್ ನಡುವಿನಲ್ಲಿ ತೂಬು ಎತ್ತಿ ಹಿನ್ನೀರನ್ನು ಒಳಗೆ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಏಪ್ರಿಲ್‌ನ ವಿಷು ಹಬ್ಬದವರೆಗೆ ಗದ್ದೆಯೇ ಸಿಗಡಿ ಕೆರೆ. ಕೊಳೆತ ದಂಟು ಸಿಗಡಿಗೆ ಮೇವು, ಸಿಗಡಿಯ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಬದುಗಳ ಮೇಲೆ ತೆಂಗು, ಬದುಗಳ ಬುಡದಲ್ಲಿ ಏಡಿ ಬಿಲ, ತೂಬಿನ ಬಾಯಲ್ಲಿ ರಾತ್ರಿ ಬಲೆ ಎತ್ತಿದಾಗ ಚೆಲ್ಲುವ ಚಿಲ್ಲರೆ ಮೀನು. ನರಿಗೆ ಇನ್ನೇನು ಬೇಕು?

ಕೇರಳದ ನರಿ ಕಾಡುಪ್ರಾಣಿ ಅನ್ನುವುದಕ್ಕಿಂತ ಊರುಪ್ರಾಣಿ. ಅಭಯಾರಣ್ಯಗಳಿಗಿಂತ ತೆಂಗಿನ ತೋಟ, ಪಾಳುಬಿದ್ದ ಹಿತ್ತಲು, ರಬ್ಬರ್ ಗುಡ್ಡಗಳಲ್ಲೇ ಹೆಚ್ಚು ಕಾಣುವುದು. ಕೊಚ್ಚಿಯ ಕಾಕ್ಕನಾಡಿನ ನನ್ನ ಆಫೀಸಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ‘ಕುರುಕ್ಕನಾ? ಅಜ್ಜಿ ಮನೆ ಹಿಂದೆ ದಿನಾ ಕೂಗುತ್ತೆ’ ಎಂದು ಕಾಫಿ ಹೀರಿಕೊಂಡು ಹೋಗುತ್ತಿದ್ದರು. ನಾನು ಮಧುಗಿರಿ ಸೀಮೆಯವನು. ಕೆಲಸ ಕೈಗೂಡಿದವನನ್ನು ‘ಎದ್ದ ಗಳಿಗೆ ನರಿ ಮುಖ ನೋಡಿದ್ಯೇನೋ’ ಎಂದು ಕೇಳುವ ಊರು ನಮ್ಮದು. ಕೆಲವರು ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ: 2023ರಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ಒಬ್ಬರು ದಿನಾ ಮುಖ ನೋಡಲು ಅನುಕೂಲವಾಗಲೆಂದು ಕೋಳಿ ಫಾರ್ಮಿನಲ್ಲಿ ನರಿಯನ್ನು ಕೂಡಿಹಾಕಿ ಸಿಕ್ಕಿಬಿದ್ದರು. ಆ ಸುದ್ದಿ ಓದಿ ನಾನು ನಕ್ಕಿದ್ದೆ. ನನ್ನ ಆಸೆ ಅದಕ್ಕಿಂತ ದೊಡ್ಡದೇನಲ್ಲ. ಫ್ರೇಮು ತುಂಬ ನರಿಯ ಮುಖ, ಕಣ್ಣಿನಲ್ಲಿ ಬೆಳಕು, ಹಿಂದೆ ಸಿಗಡಿ ಕೆರೆಯ ನೀರು.

ಕಾಯುವ ತಾಳ್ಮೆ ಇಲ್ಲದವನಿಗೆ ಇಂಟರ್ನೆಟ್ ದಾರಿ ತೋರಿಸುತ್ತದೆ. ಅಮೆರಿಕದಲ್ಲಿ ಚಳಿಗಾಲದ ಜೋಳದ ಹೊಲಗಳಲ್ಲಿ ಕಯೋಟಿಯನ್ನು ಕೂಗಿ ಕರೆದು ಹೊಡೆಯುತ್ತಾರೆ. ಕಯೋಟಿ ನಮ್ಮ ನರಿಯ ದಾಯಾದಿ, ಗಾತ್ರದಲ್ಲಿ ಸ್ವಲ್ಪ ದೊಡ್ಡದು. ಟೆಕ್ಸಸ್ಸಿನ ಜಾನಿ ಸ್ಟೀವರ್ಟ್ ಎಂಬಾತ 1960ರ ದಶಕದಲ್ಲೇ ಪ್ರಾಣಿಗಳ ಚೀರಾಟವನ್ನು ಗ್ರಾಮಾಫೋನ್ ತಟ್ಟೆಗೆ ಇಳಿಸಿ ಬೇಟೆಗಾರರಿಗೆ ಮಾರತೊಡಗಿದ. ಈಗ ರಿಮೋಟ್ ಇರುವ ಸ್ಪೀಕರುಗಳೇ ಇವೆ. ಸ್ಪೀಕರನ್ನು ಬೇಲಿಯ ಬಳಿ ಇಟ್ಟು, ಗಾಳಿಗೆ ಅಡ್ಡಲಾಗಿ ದೂರ ಕೂತು, ಹದ್ದಿಗೆ ಸಿಕ್ಕ ಮೊಲದ ಚೀರಾಟ ನುಡಿಸಬೇಕು. ಹಸಿದ ಕಯೋಟಿ ಬರುತ್ತದೆ. ಜೋಡಿ ಕಟ್ಟುವ ಕಾಲವಾದರೆ ಬೇರೆ ಕಯೋಟಿಯ ಊಳು ನುಡಿಸಬೇಕು, ಗಡಿ ಕಾಯುವ ಗಂಡು ಬರುತ್ತದೆ. ನಮ್ಮ ಕಡೆಯೂ ಇದು ಹೊಸದಲ್ಲವಲ್ಲ ಎಂದು ಸಮರ್ಥನೆ ಹುಡುಕಿಕೊಂಡೆ. ಕೆನೆತ್ ಆಂಡರ್ಸನ್ ಜವಳಗಿರಿಯ ನರಭಕ್ಷಕ ಹೆಣ್ಣು ಹುಲಿಯನ್ನು ಗಂಡು ಹುಲಿಯಂತೆ ಕೂಗಿ ಕರೆದವರು. ಜಿಮ್ ಕಾರ್ಬೆಟ್ 1938ರ ನವೆಂಬರ್ 30ರ ಮುಸ್ಸಂಜೆ ಥಾಕ್‌ನ ಹುಲಿಯನ್ನು ಹಾಗೆಯೇ ಬರಮಾಡಿಕೊಂಡರು. ತೇಜಸ್ವಿಯವರ ಅನುವಾದದಲ್ಲಿ ಆಂಡರ್ಸನ್ ಕಥೆಗಳನ್ನು ಓದಿ ಬೆಳೆದ ನನಗೆ ಆ ಕೂಗು ನೆನಪಿತ್ತು. ಆ ಕೂಗಿಗೆ ಮುಂಚೆ ಅವರು ಅಲೆದ ದಿನಗಳು, ಓದಿದ ಹೆಜ್ಜೆ ಗುರುತು, ಮಾತಾಡಿಸಿದ ಹಳ್ಳಿಗರು, ಎಲ್ಲವೂ ಅನುಕೂಲಕ್ಕೆ ತಕ್ಕಂತೆ ಮರೆತುಹೋಗಿತ್ತು. ನನ್ನ ಕೈಲಿರುವುದು ಕ್ಯಾಮೆರಾ, ಕೋವಿಯಲ್ಲ ಎಂಬ ಸಮಾಧಾನ ಬೇರೆ.

2024ರ ನವೆಂಬರ್ ಕೊನೆ, ಕೈಯಲ್ಲಿ ಅಂಥದೇ ಒಂದು ಸ್ಪೀಕರ್ ಪೆಟ್ಟಿಗೆ. ಏಳಿಕ್ಕರದ ಒಂದು ಬದು ನೀರಿನೊಳಕ್ಕೆ ಉದ್ದಕ್ಕೆ ಚಾಚಿಕೊಂಡಿತ್ತು. ಆ ಕರಾವಳಿಯಲ್ಲಿ ಚಳಿಗಾಲದ ಹಗಲು ಕಡಲ ಗಾಳಿ ಬೀಸಿದರೆ ರಾತ್ರಿ ನೆಲದ ಕಡೆಯಿಂದ, ಪೂರ್ವದಿಂದ, ಗಾಳಿ ಎದ್ದು ನೀರಿನ ಮೇಲೆ ಹೋಗುತ್ತದೆ. ಬದುವಿನ ತುದಿಯಲ್ಲಿ ಕೂತರೆ ನನ್ನ ವಾಸನೆ ನೀರಿನ ಪಾಲು, ನರಿ ಬರುವುದು ಊರಿನ ಕಡೆಯಿಂದ. ಇರುವ ದಾರಿಯೂ ಒಂದೇ. ಈ ಲೆಕ್ಕ ಹಾಕಿದಾಗ ನನ್ನ ಜಾಣತನಕ್ಕೆ ನಾನೇ ತಲೆದೂಗಿದ್ದೆ.

ಲೆಕ್ಕ ಎಲ್ಲಿ ತಪ್ಪಿತೆಂದು ಗೊತ್ತಾಗಲು ತುಂಬ ದಿನ ಬೇಕಾಯಿತು. ನರಿ ಜಾತಿ ಶಬ್ದವನ್ನು ನಂಬುವುದಿಲ್ಲ, ಮೂಗನ್ನು ನಂಬುತ್ತದೆ. ಕೂಗು ಕೇಳಿದರೆ ಅದು ನೇರ ಬರುವುದಿಲ್ಲ. ಅರ್ಧ ಸುತ್ತು ಹಾಕಿ, ಗಾಳಿ ಬೀಸಿ ಹೋಗುವ ಮಗ್ಗುಲಿಗೆ ಹೋಗಿ, ಅಲ್ಲಿಂದ ಮೂಸಿ, ಆಮೇಲೆ ತೀರ್ಮಾನ. ನನ್ನ ಬದುವಿನಲ್ಲಿ ಆ ಮಗ್ಗುಲು ಎಂದರೆ ಸಿಗಡಿ ಕೆರೆ. ಸುತ್ತು ಹಾಕಲು ನೆಲವೇ ಇಲ್ಲದ ಜಾಗಕ್ಕೆ ಯಾವ ನರಿ ಬರುತ್ತದೆ? ಅಮೆರಿಕದ ವೀಡಿಯೊಗಳಲ್ಲಿ ಹೊಲ ನಾಲ್ಕು ದಿಕ್ಕಿಗೂ ತೆರೆದಿರುತ್ತದೆ ಎಂಬುದನ್ನು ನಾನು ನೋಡಿಯೂ ನೋಡಿರಲಿಲ್ಲ.

ಆದರೆ ಅಂದು ಕೆಟ್ಟದ್ದು ಗಾಳಿಯಿಂದಲ್ಲ, ನಾನು ನುಡಿಸಿದ ಸದ್ದಿನಿಂದ. ಮೊಲದ ಚೀರಾಟ ಕೇಳಿದವರಿಗೆ ಗೊತ್ತು, ಅದು ಸಣ್ಣ ಮಗು ಉಸಿರುಕಟ್ಟಿ ಅತ್ತ ಹಾಗೆಯೇ ಇರುತ್ತದೆ. ರಾತ್ರಿ ಹೊತ್ತು ನೀರಿನ ಮೇಲೆ ಶಬ್ದ ಎಷ್ಟು ದೂರ ಹೋಗುತ್ತದೆ ಎಂಬ ಅಂದಾಜು ನನಗಿರಲಿಲ್ಲ. ಇನ್ನೊಂದು ವಿಷಯ ಗೊತ್ತಿದ್ದೂ ತಲೆಗೆ ಬಂದಿರಲಿಲ್ಲ. ಆ ತಿಂಗಳು ಆಲಪ್ಪುಳ, ಎರ್ನಾಕುಳಂ ಜಿಲ್ಲೆಗಳಲ್ಲಿ ಮಾತೆಂದರೆ ‘ಕುರುವಾ’ ಕಳ್ಳರದೇ ಮಾತು. ತಮಿಳುನಾಡಿನ ಕಡೆಯಿಂದ ಬಂದವರು ಎಂದು ಪತ್ರಿಕೆಗಳು ಬರೆದಿದ್ದವು. ಕೊಚ್ಚಿಯ ಕುಂಡನ್ನೂರಿನಲ್ಲಿ ಒಬ್ಬ ಸಿಕ್ಕಿಬಿದ್ದೂ ಆಗಿತ್ತು. ರಾತ್ರಿ ಹೊರಗೆ ಮಗು ಅತ್ತ ಸದ್ದು, ನಲ್ಲಿ ಬಿಟ್ಟ ಸದ್ದು ಕೇಳಿದರೆ ಬಾಗಿಲು ತೆರೆಯಬೇಡಿ ಎಂಬ ಎಚ್ಚರಿಕೆ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಅಂಥ ತಿಂಗಳಲ್ಲಿ, ಪರವೂರಿನ ಪಕ್ಕದ ಊರಲ್ಲಿ, ಮನೆಗಳಿಗೆ ಕೇಳುವಷ್ಟು ಹತ್ತಿರದಲ್ಲಿ, ನಾನು ಮಗುವನ್ನು ಅಳಿಸುತ್ತಾ ಕತ್ತಲಲ್ಲಿ ಕೂತಿದ್ದೆ.

ಮೊದಲು ಒಂದು ಟಾರ್ಚು, ಆಮೇಲೆ ಬದುವಿನುದ್ದಕ್ಕೂ ಟಾರ್ಚುಗಳು. ಯಾರ ಕೈಯಲ್ಲೋ ದೋಣಿಯ ಹುಟ್ಟು. ಇರುವ ದಾರಿ ಒಂದೇ ಎಂದು ಮೆಚ್ಚಿಕೊಂಡಿದ್ದೆನಲ್ಲ, ಆ ದಾರಿ ಈಗ ಅವರದಾಗಿತ್ತು. ಬಾಯಿ ತೆರೆದು ವಿವರಿಸಲು ಹೋದೆ. ಕನ್ನಡದ ನಾಲಿಗೆಯ ಮಲಯಾಳ ಮಲಯಾಳಿ ಕಿವಿಗೆ ತಮಿಳಿನಂತೆ ಕೇಳುತ್ತದೆ. ‘ತಮಿಳನ್ ಆಣೋ’ ಎಂದು ಹಿಂದಿನಿಂದ ಒಬ್ಬ ಕೂಗಿದ. ಆ ಒಂದು ಪ್ರಶ್ನೆಯೊಳಗೆ ಒಂದು ಇಡೀ ಜನದ ಮೇಲಿನ ಗುಮಾನಿ ಇತ್ತು. ನನಗೆ ಅದು ಬಡಿದದ್ದು ಕೆಲವು ನಿಮಿಷ ಮಾತ್ರ. ಪ್ರತಿ ಕಳ್ಳತನಕ್ಕೂ ಹಾಗೆ ಕೇಳಿಸಿಕೊಳ್ಳುವವರು ಬೇರೆಯೇ ಇದ್ದಾರೆ.

ಬಿಡಿಸಿದವರು ತೂಬು ಕಾಯುವ ಚೇಟ್ಟ. ವಾರದಿಂದ ನನ್ನನ್ನು ಕ್ಯಾಮೆರಾ ಸಮೇತ ನೋಡಿದ್ದರು. ‘ಇವನು ಕುರುಕ್ಕನ ಫೋಟೊದವನು, ಬಿಡಿ’ ಎಂದರು. ಬಿಟ್ಟಮೇಲೆ ಅವರೇ, ‘ಮೋನೇ, ಆ ಪೆಟ್ಟಿಗೆ ಇನ್ನೊಮ್ಮೆ ಹಾಡಿಸು, ಎಲ್ಲರೂ ಕೇಳಲಿ’ ಎಂದರು. ಹಾಡಿಸಿದೆ. ಗುಂಪಿನಲ್ಲಿದ್ದ ವಾರ್ಡ್ ಮೆಂಬರ್ ನಕ್ಕರು, ಹುಡುಗರು ನಕ್ಕರು, ನನಗೂ ನಗು ಬರುವುದರಲ್ಲಿತ್ತು. ಹಸುಗೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಒಬ್ಬ ಹೆಂಗಸು ಮಾತ್ರ ನಗಲಿಲ್ಲ. ‘ನಾನು ಚಿಲಕಕ್ಕೆ ಕೈ ಹಾಕಿದ್ದೆ’ ಎಂದಳು, ಅಷ್ಟೇ. ಎಚ್ಚರಿಕೆ ಓದಿದ್ದಳು, ಬಾಗಿಲ ಹೊರಗೆ ಕಳ್ಳ ಇರಬಹುದೆಂದು ಗೊತ್ತಿತ್ತು, ಆದರೂ ಕೈ ಹೋಗಿತ್ತು. ಕ್ಷಮಿಸಿ ಎಂದೆ. ಅವಳು ನನ್ನ ಮುಖ ನೋಡಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಬೈಗುಳದ ಜೊತೆ ಇಷ್ಟು ಬಂತು: ‘ನರಿ ಮುಖ ಅದಾಗಿ ಕಾಣಬೇಕು ಕಣಪ್ಪ. ಕೂಗಿ ಕರೆದು ನೋಡೋಕೆ ಅದೇನು ನೆಂಟರೇ?’

ಅಲ್ಲಿಗೆ ಬಿಡಬೇಕಿತ್ತು. ಕ್ರಿಸ್‌ಮಸ್ ಹೊತ್ತಿಗೆ ಕೆಲಸ ತಿರುವನಂತಪುರದ ಕಳಕ್ಕೂಟ್ಟಕ್ಕೆ ವರ್ಗವಾಯಿತು. ನಗರದ ಇನ್ನೊಂದು ಕೊನೆಯಲ್ಲಿ ವೆಳ್ಳಾಯಣಿ ಕೆರೆ, ಅದರ ಮಗ್ಗುಲಿಗೆ ಪುಂಚಕ್ಕರಿ ಬಯಲು. ಮೋಹನ್‌ಲಾಲ್ ನಟಿಸಿದ 1989ರ ‘ಕಿರೀಟಂ’ ಸಿನಿಮಾದ ಸೇತುವೆ ಇರುವುದು ಆ ಕಡೆಯೇ. ಭತ್ತ, ಬಾಳೆ, ಅಲಸಂದೆ ಚಪ್ಪರ, ಚಳಿಗಾಲದಲ್ಲಿ ವಲಸೆ ಹಕ್ಕಿ ನೋಡುವವರ ಜಾತ್ರೆ. ಮನೆಗಳು ದೂರ, ನಾಲ್ಕು ದಿಕ್ಕಿಗೂ ನೆಲ. ಮೊಲದ ಚೀರಾಟ ಅಳಿಸಿಹಾಕಿದ್ದೆ. ಇನ್ನು ಬರೀ ನರಿಯ ಊಳು, ಯಾರಿಗೂ ತೊಂದರೆ ಇಲ್ಲ ಅಂದುಕೊಂಡೆ.

ಮೊದಲ ಸಂಜೆ ಉತ್ತರ ಬಂತು. ದೀಪ ಹಚ್ಚುವ ಹೊತ್ತು, ಕೆರೆಯ ಕಡೆಯಿಂದ ಒಂದು ಉದ್ದನೆಯ ಊಳು, ಅದನ್ನು ಹಿಡಿದು ಇನ್ನೊಂದು, ಆಮೇಲೆ ಎಲ್ಲವೂ ಒಟ್ಟಿಗೆ ಕಿರಿಚಾಡಿ ಥಟ್ಟನೆ ನಿಂತವು. ನನ್ನ ಮೈ ಜುಮ್ಮೆಂದಿತು. ಮರುದಿನ ಹೋದೆ, ಅದರ ಮರುದಿನವೂ ಹೋದೆ, ಉತ್ತರ ಬರದಿದ್ದರೆ ಮತ್ತೆ ನುಡಿಸಿದೆ, ದನಿ ಏರಿಸಿ ನುಡಿಸಿದೆ. ಉತ್ತರ ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು. ಬಂದವು ನಾಯಿಗಳು. ರಸ್ತೆಬದಿಯಿಂದ ಬಾಳೆಸಾಲಿನ ನಡುವೆ, ಬೆನ್ನ ಕೂದಲು ನಿಮಿರಿಸಿಕೊಂಡು, ಒಂದರ ಹಿಂದೊಂದು. ಆಮೇಲಾಮೇಲೆ ನಾನು ಸ್ಪೀಕರ್ ಹಚ್ಚುವುದಕ್ಕೆ ಮುಂಚೆಯೇ ಅವು ಬಂದು ಕಾಯುತ್ತಿದ್ದವು. ಅಲಸಂದೆಗೆ ನೀರು ಬಿಡುತ್ತಿದ್ದ ಚೇಚ್ಚಿಯೊಬ್ಬರು, ‘ದಿನಾ ಸಂಜೆ ಕುರುಕ್ಕನ್ ಕೂಗುತ್ತಿತ್ತು. ಈಗ ಬರೀ ನಾಯಿ. ಏನಾಯಿತು ಸಾರೇ?’ ಎಂದು ಕೇಳಿದರು. ಕೇಳಿದ್ದು ನನ್ನನ್ನೇ, ನನ್ನ ಕಾಲ ಬಳಿಯೇ ಸ್ಪೀಕರ್ ಇತ್ತು. ಗೊತ್ತಿಲ್ಲ ಎಂದೆ.

ಗೊತ್ತು ಮಾಡಿಕೊಳ್ಳಲು ಕೂತದ್ದು ಆ ಸುಳ್ಳಿನ ನಂತರ. ನರಿ ಜೋಡಿಯಾಗಿ ಬಾಳುವ ಪ್ರಾಣಿ. ನಮ್ಮಲ್ಲಿ ಅದು ಕೂಡುವ ಕಾಲ ಹೆಚ್ಚಾಗಿ ಫೆಬ್ರವರಿ, ಮಾರ್ಚ್, ಎರಡು ತಿಂಗಳು ಕಳೆದರೆ ಮರಿ. ಅದಕ್ಕೆ ಮುಂಚಿನ ವಾರಗಳಲ್ಲಿ ಗಡಿಯೊಳಗೆ ಕೇಳಿಸುವ ಅಪರಿಚಿತ ಊಳಿನ ಅರ್ಥ ಯಾರೋ ಒಳನುಗ್ಗಿದ್ದಾರೆ ಎಂದು. ಜೋಡಿ ಎದುರಿಸಲು ಬರಬಹುದು, ಬಾಯಿ ಮುಚ್ಚಿಕೊಂಡು ಅಡಗಬಹುದು, ಜಾಗವನ್ನೇ ಬಿಡಬಹುದು. ಯುರೋಪಿನಲ್ಲಿ, ಗ್ರೀಸ್, ಹಂಗೇರಿ ಕಡೆ, ಸಂಶೋಧಕರು ನರಿ ಎಣಿಸುವುದು ಊಳು ನುಡಿಸಿಯೇ. ಆದರೆ ಅವರು ಸ್ವಲ್ಪ ನುಡಿಸಿ, ನಿಮಿಷಗಟ್ಟಲೆ ಸುಮ್ಮನೆ ಕೇಳಿ, ದೂರದ ಇನ್ನೊಂದು ಜಾಗಕ್ಕೆ ಹೋಗುತ್ತಾರೆ. ಒಂದೇ ಬಯಲಲ್ಲಿ ಸಂಜೆಸಂಜೆಯೂ ಕೂತು ನುಡಿಸುವುದು ಎಣಿಕೆಯಲ್ಲ, ಕಾಟ. ನಾಯಿಗಳ ವಿಷಯ ಇನ್ನೂ ಕೆಟ್ಟದ್ದು: ಬೀದಿನಾಯಿ ನರಿಯನ್ನು ಅಟ್ಟುತ್ತದೆ, ಹುಚ್ಚುರೋಗ ಅದರಿಂದ ಇದಕ್ಕೂ ಇದರಿಂದ ಅದಕ್ಕೂ ದಾಟುತ್ತದೆ. ಎರಡನ್ನೂ ಒಂದೇ ಕಡೆಗೆ ಕರೆಯುವ ಕೆಲಸಕ್ಕೆ ನಾನು ಪೆಟ್ರೋಲ್ ಸುಟ್ಟು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿದ್ದೆ.

ಕಾನೂನನ್ನೂ ಓದಿದೆ, ತಡವಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2(16)ನೇ ಕಲಮಿನಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಅಟ್ಟುವುದು, ಉರುಳು ಹಾಕುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನವೂ ಬೇಟೆಯೇ. 2022ರ ತಿದ್ದುಪಡಿಯ ನಂತರ ನರಿ ಮೊದಲನೇ ಅನುಸೂಚಿಗೆ ಏರಿದೆ. ಕೇರಳದಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಹೊಡೆಯಲು 2022ರಿಂದ ಪಂಚಾಯಿತಿ ಅಧ್ಯಕ್ಷರೇ ಅನುಮತಿ ಕೊಡಬಹುದು, ನರಿಗೆ ಅಂಥ ವಿನಾಯಿತಿ ಇಲ್ಲ. ಸ್ಪೀಕರಿನ ಕೂಗು ಆಮಿಷವೇ ಎಂದು ವಕೀಲರು ವಾದಿಸಿಕೊಳ್ಳಲಿ, ಆ ಮೊಕದ್ದಮೆಯ ಆರೋಪಿ ನಾನಾಗುವುದು ಬೇಡ. ಕೋವಿಯಲ್ಲ, ಕ್ಯಾಮೆರಾ ಎಂಬ ನನ್ನ ಸಮಾಧಾನಕ್ಕೆ ಆ ಕಲಮಿನಲ್ಲಿ ಜಾಗ ಕಾಣಲಿಲ್ಲ.

ನರಿಯ ಫೋಟೊ ಇವತ್ತಿಗೂ ನನ್ನ ಹತ್ತಿರ ಇಲ್ಲ. ಪುಂಚಕ್ಕರಿಯ ನರಿಗಳು ಮತ್ತೆ ಕೂಗಿದವೇ ಎಂದು ಕೇಳಲು ಚೇಚ್ಚಿಯ ಎದುರು ಹೋಗುವ ಧೈರ್ಯವೂ ಬಂದಿಲ್ಲ.

ಈಚೆಗೆ ಏಳಿಕ್ಕರದ ಚೇಟ್ಟ ಫೋನ್ ಮಾಡಿದ್ದರು. ನೀರುನಾಯಿಗಳು ಗುಂಪುಗಟ್ಟಿ ಬಂದು ತೂಬಿನ ಬಲೆ ಹರಿದು ಸಿಗಡಿ ತಿಂದುಹೋಗುತ್ತಿವೆಯಂತೆ.

‘ಮೋನೇ, ನಿನ್ನ ಪೆಟ್ಟಿಗೆಯಲ್ಲಿ ನೀರುನಾಯಿ ಹೆದರಿ ಓಡುವಂಥ ಸದ್ದು ಇದೆಯೇನು?’

ಎರಡು ರಾತ್ರಿ ಹೆದರಬಹುದು ಚೇಟ್ಟ, ಸದ್ದಿನ ಹಿಂದೆ ಏನೂ ಇಲ್ಲ ಅಂತ ಗೊತ್ತಾದಮೇಲೆ ಪೆಟ್ಟಿಗೆ ಮೇಲೇ ಕೂತು ಸಿಗಡಿ ತಿನ್ನುತ್ತವೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅವತ್ತು ಅಷ್ಟು ಜನರನ್ನು ಮನೆಯಿಂದ ಹೊರಗೆ ಎಬ್ಬಿಸಿದ ಪೆಟ್ಟಿಗೆ ನಾಲ್ಕು ನೀರುನಾಯಿಯನ್ನು ಓಡಿಸಲಾರದೇ ಎಂದು ವಾದಿಸಿ, ಕೊನೆಗೆ ಅದರ ಬೆಲೆ ಎಷ್ಟು ಎಂದು ಕೇಳಿದರು.